ಒಪ್ಪತ್ತಿನ ತಕ್ಕಡಿ

ಶ್ರಾವಣ ಸೋಮವಾರದ ಬೆಳಿಗ್ಗೆ ಸೋಲಾಪುರದ ವಿಜಾಪುರ ರಸ್ತೆಯಲ್ಲಿ, ಕಂಬರ ತಲಾವಿನ ಸುತ್ತ ಅಡ್ಡಾಡುವವರು ಎಂದಿನಷ್ಟೇ ಇರುತ್ತಾರೆ. ಪೋಹೆ ಗಾಡಿಯ ಮುಂದೆ ಮಾತ್ರ ಮಂದಿ ತೆಳುವು. ಅಂಥ ಒಂದು ಬೆಳಿಗ್ಗೆ ನಮ್ಮ ಓಣಿಯ ಅಕ್ಕ ಒಬ್ಬರು ನಿಲ್ಲಿಸಿ ಕೇಳಿದರು: "ದಿನಾ ಹದಿನಾರು ತಾಸು ಬಾಯಿ ಕಟ್ಟೀನ್ರಿ ಸರ. ಸೋಮವಾರ, ಏಕಾದಶಿ ಉಪವಾಸ ಬ್ಯಾರೆ. ಮೊದಲ ವಾರ ಎರಡು ಕಿಲೋ ಇಳೀತು. ಆಮ್ಯಾಲೆ ಕಾಟಾ ಜಗ್ಗವಲ್ದು. ಯಾಕ?"

ಪಂಢರಪುರ ಇರುವ ಜಿಲ್ಲೆಯಲ್ಲಿ ಉಪವಾಸವನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಆದರೂ ತೂಕ ಇಳಿಸಲೆಂದೇ ಊಟದ ಹೊತ್ತು ಕಟ್ಟುವ ಗೀಳು ಇಲ್ಲಿಗೆ ಬಂದದ್ದು ಲಾತೂರಿನ ಕಡೆಯಿಂದ. ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಡಾ. ಜಗನ್ನಾಥ ದೀಕ್ಷಿತರು, ಡಾ. ಶ್ರೀಕಾಂತ ಜಿಚಕಾರರ ವಿಚಾರವನ್ನು ಮುಂದಿಟ್ಟುಕೊಂಡು, ದಿನಕ್ಕೆ ಎರಡೇ ಊಟ, ಒಂದೊಂದೂ 55 ನಿಮಿಷದೊಳಗೆ, ನಡುವೆ ಏನೂ ಬೇಡ ಎಂದರು. ಮಹಾರಾಷ್ಟ್ರದ ಮನೆಮನೆಯಲ್ಲೂ ಅದು ಮಾತಾಯಿತು. ನಮ್ಮವರು ಅದಕ್ಕೆ 'ದೀಕ್ಷಿತ್ ಡಯಟ್' ಅಂದರೂ ಕನ್ನಡದಲ್ಲಿ ಅದರ ಹತ್ತಿರದ ನೆಂಟ ನಮ್ಮ ಒಪ್ಪತ್ತು.

ಮೊದಲ ವಾರದ ಎರಡು ಕಿಲೋ ಕಥೆ ಸರಳ. ಯಕೃತ್ತು ಸುಮಾರು 100 ಗ್ರಾಂ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಸ್ನಾಯುಗಳಲ್ಲಿ ಅದಕ್ಕೂ ಹೆಚ್ಚು. ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಕೂಡಿಟ್ಟದ್ದು ಖರ್ಚಾದರೆ ನೀರೂ ಹೋಗುತ್ತದೆ. ಕೊಬ್ಬು ಅಷ್ಟು ಬೇಗ ಕರಗುವ ಪೈಕಿ ಅಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋ ಕ್ಯಾಲೊರಿ ಇದೆ. ದಿನಪೂರ್ತಿ ಬರೀ ನೀರು ಕುಡಿದಿದ್ದರೂ ಕರಗುವುದು ಕಾಲು ಕಿಲೋ.

ಹಸಿವಿನ ಕಥೆ ಇದಕ್ಕಿಂತ ಸ್ವಾರಸ್ಯದ್ದು. 1999ರಲ್ಲಿ ಜಪಾನಿನ ಮಸಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಇಲಿಯ ಜಠರದಲ್ಲಿ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. 'ಊಟದ ಹೊತ್ತಾಯಿತು' ಎಂದು ಜಠರ ಮಿದುಳಿಗೆ ಕೂಗಿ ಹೇಳುವುದು ಇದರ ಮೂಲಕ. ಹೊಟ್ಟೆ ಖಾಲಿಯಾದಷ್ಟೂ ಕೂಗು ಜೋರಾಗುತ್ತಾ ಹೋಗುತ್ತದೆ ಎಂದು ನಾವು ತಿಳಿದಿರುತ್ತೇವೆ. ಆದರೆ ಕೆಲವರನ್ನು 33 ತಾಸು ಉಪವಾಸ ಇರಿಸಿ ರಕ್ತ ಪರೀಕ್ಷಿಸಿದಾಗ ಕಂಡದ್ದೇ ಬೇರೆ. ನಾಷ್ಟಾ, ಊಟಗಳ ರೂಢಿಯ ಹೊತ್ತಿಗೆ ಗ್ರೆಲಿನ್ ಏರಿತು; ಒಂದು ತುತ್ತೂ ಹಾಕದಿದ್ದರೂ ತಾನಾಗಿಯೇ ಇಳಿಯಿತು. ಹೊಟ್ಟೆಗಿಂತ ಹೆಚ್ಚಾಗಿ ಅದು ಗಡಿಯಾರ ನೋಡುತ್ತದೆ. ಒಪ್ಪತ್ತು ಹಿಡಿದವರಿಗೆ ಮೊದಲ ಎಂಟು ಹತ್ತು ದಿನ ಜೀವ ಹಿಂಡಿದಂತಾಗಿ, ಆಮೇಲೆ ಆ ಹೊತ್ತಿಗೆ ಹಸಿವೇ ಮರೆತಂತಾಗುವುದು ಇದಕ್ಕೇ. ಇನ್ನೊಂದು ಮಾತನ್ನೂ ಹೇಳಬೇಕು: ತೂಕ ಇಳಿದಂತೆಲ್ಲ ಗ್ರೆಲಿನ್ನಿನ ಒಟ್ಟು ಮಟ್ಟ ಏರುತ್ತದೆ. ಕಳೆದುಹೋದ ಕೊಬ್ಬನ್ನು ವಾಪಸು ತರಿಸುವ ಹುನ್ನಾರ ಅದು.

ಹೊತ್ತು ಕಟ್ಟಿ ಉಣ್ಣುವ ಈ ಪದ್ಧತಿಗೆ ವಿಜ್ಞಾನದ ಮೊಹರು ಬಿದ್ದದ್ದು ಇಲಿಗಳಿಂದ. 2012ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಒಡಿಶಾ ಮೂಲದ ಸಚ್ಚಿದಾನಂದ ಪಾಂಡಾ ಅವರ ತಂಡ ಕೊಬ್ಬು ತುಂಬಿದ ಆಹಾರವನ್ನು ಕೆಲವು ಇಲಿಗಳಿಗೆ ದಿನವಿಡೀ, ಕೆಲವಕ್ಕೆ ಎಂಟು ತಾಸು ಮಾತ್ರ ಇಟ್ಟಿತು. ಎರಡೂ ಗುಂಪು ತಿಂದದ್ದು ಹೆಚ್ಚುಕಡಿಮೆ ಅಷ್ಟೇ. ದಪ್ಪಗಾದದ್ದು ಮೊದಲ ಗುಂಪು. ಆದರೆ ಇಲಿಯ ಉಪವಾಸ ನಮ್ಮ ಉಪವಾಸ ಅಲ್ಲ. ಒಂದು ರಾತ್ರಿ ಊಟ ತಪ್ಪಿದರೆ ಅದರ ತೂಕದಲ್ಲಿ ಹತ್ತರಲ್ಲೊಂದು ಪಾಲು ಹೋಗುತ್ತದೆ.

ಮನುಷ್ಯರ ಮೇಲೆ ನೋಡಿದಾಗ ಉತ್ಸಾಹ ಇಳಿಯಿತು. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 116 ಜನರನ್ನು 12 ವಾರ ಪರೀಕ್ಷಿಸಿದರು. ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಮಾತ್ರ ತಿಂದವರು 0.94 ಕಿಲೋ ಇಳಿದರು. ಮೂರು ಹೊತ್ತು ಉಂಡವರು 0.68. ಇದನ್ನು ವ್ಯತ್ಯಾಸ ಅನ್ನಲಾಗದು. 2022ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ 139 ಸ್ಥೂಲಕಾಯರಿಗೆ ಒಂದು ವರ್ಷ ಕ್ಯಾಲೊರಿ ಎಣಿಸಿ ಉಣಿಸಿದರು. ಹೊತ್ತಿನ ಕಟ್ಟು ಇದ್ದವರು 8 ಕಿಲೋ, ಇಲ್ಲದವರು 6.3 ಕಿಲೋ ಕಳೆದರು. ಅಂಕಿಶಾಸ್ತ್ರ ಇದನ್ನೂ ಗೆಲುವೆಂದು ಒಪ್ಪಲಿಲ್ಲ. ತೂಕ ಇಳಿಸಿದ್ದು ತಿನ್ನುವುದರಲ್ಲಿ ಆದ ಕಡಿತ. ಕೆಲವರಿಗೆ ಎಣಿಸುವುದಕ್ಕಿಂತ ಅಡುಗೆಮನೆಗೆ ಬೀಗ ಹಾಕುವುದು ಸುಲಭ. ಈ ಪದ್ಧತಿಯ ನಿಜವಾದ ಬೆಲೆ ಅಷ್ಟು, ಮತ್ತು ಅದೇನು ಕಡಿಮೆ ಬೆಲೆಯಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಅಲಬಾಮಾದ ಒಂದು ಸಣ್ಣ ಪ್ರಯೋಗ. 2018ರಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 8 ಗಂಡಸರಿಗೆ ಐದು ವಾರ, ಮಧ್ಯಾಹ್ನ ಮೂರರೊಳಗೆ ದಿನದ ಕೊನೆಯ ಊಟ ಮುಗಿಸುವಂತೆ ಮಾಡಿದರು. ತೂಕ ಇಳಿಯದಂತೆಯೇ ಉಣಿಸಿದ್ದರು. ಆದರೂ ಇನ್ಸುಲಿನ್ನಿಗೆ ದೇಹ ಸ್ಪಂದಿಸುವುದು ಸುಧಾರಿಸಿತು, ಸಂಜೆಯ ತಿನ್ನುವ ಆಸೆ ತಗ್ಗಿತು. ಹೊತ್ತು ಮುಳುಗುವ ಮುಂಚೆ ಉಂಡು ಕೈತೊಳೆಯುವ ನಮ್ಮೂರ ಜೈನರಿಗೆ ಇದನ್ನು ಹೇಳಿದರೆ ನಕ್ಕಾರು.

ಅಕ್ಕನ ಕಾಟಾ ಯಾಕೆ ಜಗ್ಗಲಿಲ್ಲ? ಉಪವಾಸದ ದಿನ ಏನು ತಿಂತೀರಿ ಎಂದು ಕೇಳಿದೆ. "ಏನಿಲ್ರಿ, ಬರೇ ಸಾಬೂದಾಣಿ ಖಿಚಡಿ. ಎರಡು ಸಲ." ಲೆಕ್ಕ ಹಾಕೋಣ. ಒಂದು ತಾಟಿಗೆ ಒಣ ಸಾಬೂದಾಣಿ 60 ಗ್ರಾಂ, ಅಂದರೆ 210 ಕಿಲೋ ಕ್ಯಾಲೊರಿ. ಶೇಂಗಾ ಪುಡಿ 25 ಗ್ರಾಂ, 140. ತುಪ್ಪ ಒಂದು ದೊಡ್ಡ ಚಮಚ, 130. ಒಟ್ಟು 480. 55 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ 190ರ ಆಸುಪಾಸು. ಅಂದರೆ ಒಂದು ತಾಟು ಖಿಚಡಿ ಎರಡೂವರೆ ರೊಟ್ಟಿಗೆ ಸಮ. ರೊಟ್ಟಿಯಲ್ಲಿ ನಾರಿದೆ, ಹಿಟ್ಟಿನ ಹತ್ತರಲ್ಲೊಂದು ಪಾಲು ಪ್ರೋಟೀನಿದೆ. ಹೊಟ್ಟೆ ಹಿಡಿದು ನಿಲ್ಲುತ್ತದೆ. ಸಾಬೂದಾಣಿಯಲ್ಲಿ ಇರುವುದು ಪಿಷ್ಟವೊಂದೇ. 'ಏಕಾದಶಿ ಅನ್ ದುಪ್ಪಟ್ ಖಾಶಿ' (ಏಕಾದಶಿ, ತಿನ್ನುವುದು ಇಮ್ಮಡಿ) ಎಂದು ಮರಾಠಿಯವರು ತಮ್ಮನ್ನೇ ಗೇಲಿ ಮಾಡಿಕೊಂಡದ್ದು ಸುಮ್ಮನೆ ಅಲ್ಲ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತಗೊಳ್ಳುವವರು, ಬಸುರಿಯರು, ಎದೆಹಾಲು ಉಣಿಸುವವರು ಇದನ್ನು ಓದಿಕೊಂಡು ಊಟ ಬಿಡಬೇಡಿ. ಸಕ್ಕರೆ ದಿಢೀರನೆ ಕುಸಿದರೆ ಅಪಾಯ, ಡಾಕ್ಟರರನ್ನು ಕೇಳಿಯೇ ಮಾಡಿ. ಉಳಿದವರು ಬರುವ ಸೋಮವಾರ ಸಾಬೂದಾಣಿ ನೆನೆಹಾಕುವ ಮುಂಚೆ ಒಂದು ಸಲ ತೂಗಿ ನೋಡಿ.