ಶೆಡ್ಡಿನ ಅಂಬಾಸಿಡರ್ ಹೊರಗೆ ತೆಗೀತಿದ್ದೀರಾ? ಕೀ ತಿರುಗಿಸುವ ಮುಂಚೆ ಆಯಿಲ್ ನೋಡಿ

ಆಯುಧಪೂಜೆ ಹತ್ತಿರ ಬಂತು ಅಂದ್ರೆ ಶೆಡ್ಡು, ಕೊಟ್ಟಿಗೆ, ಮಿಲ್ಲಿನ ಹಿಂಭಾಗದಲ್ಲಿ ಟಾರ್ಪಾಲ್ ಹೊದ್ದು ಮಲಗಿದ್ದ ಹಳೇ ಕಾರುಗಳ ನೆನಪಾಗುತ್ತದೆ. ತಾತನ ಕಾಲದ ಅಂಬಾಸಿಡರ್, ಅಪ್ಪ ಓಡಿಸುತ್ತಿದ್ದ ಪ್ರೀಮಿಯರ್ ಪದ್ಮಿನಿ. ಮಳೆಗಾಲ ಪೂರ್ತಿ ಯಾರೂ ಮುಟ್ಟಿರುವುದಿಲ್ಲ. ಈಗ ಬ್ಯಾಟರಿ ಚಾರ್ಜ್ ಆಗುತ್ತೆ, ಟೈರಿಗೆ ಗಾಳಿ ಬೀಳುತ್ತೆ, ಬಾಡಿಗೆ ಪಾಲಿಶ್ ಆಗುತ್ತೆ. ಆಯಿಲ್ ಮಾತ್ರ ಯಾರಿಗೂ ನೆನಪಾಗಲ್ಲ. ನೆನಪಾದವರೂ ಕಡ್ಡಿ ಎಳೆದು, 'ಫುಲ್ ಇದೆ' ಅಂತ ವಾಪಸ್ ಹಾಕ್ತಾರೆ.

ಎಡವಟ್ಟಾಗುವುದು ಇಲ್ಲೇ. ಆಯಿಲ್ ಕಡಿಮೆಯಾದರೆ ಕಷ್ಟ ಅಂತ ಎಲ್ಲರಿಗೂ ಗೊತ್ತು. ನಿಲ್ಲಿಸಿದ್ದ ಕಾರಿನಲ್ಲಿ ಆಯಿಲ್ ಜಾಸ್ತಿಯಾಗಿದ್ದರೆ ಅದಕ್ಕಿಂತ ದೊಡ್ಡ ಕಷ್ಟ. ಆಯಿಲ್ ತಾನಾಗೇ ಹೆಚ್ಚಾಗಲ್ಲ. ಅದರೊಳಗೆ ಪೆಟ್ರೋಲ್ ಇಳಿದಿರುತ್ತೆ, ಇಲ್ಲವೇ ನೀರು.

ಪೆಟ್ರೋಲ್ ಬರುವ ದಾರಿ ಹೀಗೆ. ಹಳೇ ಪೆಟ್ರೋಲ್ ಅಂಬಾಸಿಡರ್, ಪದ್ಮಿನಿಗಳಲ್ಲಿ ಫ್ಯುಯೆಲ್ ಪಂಪ್ ಇಂಜಿನ್ ಪಕ್ಕಕ್ಕೇ ಕೂತಿರುತ್ತೆ, ಇಂಜಿನ್ ತಿರುಗಿದಂತೆ ಅದೂ ಕೆಲಸ ಮಾಡುತ್ತೆ. ಅದರೊಳಗಿನ ಡಯಾಫ್ರಂ ವರ್ಷಗಟ್ಟಲೆ ನಿಂತು ಗಟ್ಟಿಯಾಗಿ ಹರಿದರೆ, ಪಂಪ್ ಮಾಡಿದ ಪೆಟ್ರೋಲ್ ಕಾರ್ಬೊರೇಟರ್‌ಗೆ ಹೋಗುವ ಬದಲು ಕೆಳಗೆ ಆಯಿಲ್ ಚೇಂಬರ್‌ಗೆ ಇಳಿಯುತ್ತೆ. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್. ಆ ಕಾಲದ ರಬ್ಬರ್‌ಗೆ ಅದು ಆಗಿಬರಲ್ಲ. ಇನ್ನೊಂದು ದಾರಿ ನಾವೇ ಮಾಡಿಕೊಳ್ಳುವುದು. ಸ್ಟಾರ್ಟ್ ಆಗ್ತಿಲ್ಲ ಅಂತ ಚೋಕ್ ಎಳೆದು ಇಪ್ಪತ್ತು ಸಲ ಸೆಲ್ಫ್ ಹೊಡೆದರೆ, ಉರಿಯದ ಪೆಟ್ರೋಲ್ ಪಿಸ್ಟನ್ ಪಕ್ಕದಿಂದ ಜಾರಿ ಕೆಳಗೆ ಸೇರುತ್ತೆ. ಹಾಗಾಗಿ ಬೆಳಿಗ್ಗೆ ನೋಡಿದ ಆಯಿಲನ್ನು, ಸೆಲ್ಫ್ ಹೊಡೆದು ಸುಸ್ತಾದ ಮೇಲೆ ಇನ್ನೊಮ್ಮೆ ನೋಡಬೇಕು.

ಪೆಟ್ರೋಲ್ ಸೇರಿದ ಆಯಿಲ್ ನೀರಾಗಿ ಹೋಗಿರುತ್ತೆ. ಕ್ರ್ಯಾಂಕ್ ಮತ್ತು ಬೇರಿಂಗ್ ನಡುವೆ ನಿಲ್ಲಬೇಕಾದ ಪದರ ನಿಲ್ಲಲ್ಲ, ಲೋಹಕ್ಕೆ ಲೋಹ ಉಜ್ಜುತ್ತೆ. ಕ್ರ್ಯಾಂಕ್ ಗ್ರೈಂಡಿಂಗ್ ಅಂದ್ರೆ ಇಂಜಿನ್ ಪೂರ್ತಿ ಇಳಿಸಬೇಕು. ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರಲ್ಲಿ, ಪದ್ಮಿನಿ ಅದಕ್ಕೂ ಮುಂಚೆ. ಬೇರಿಂಗ್ ಸೆಟ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆ ಅಲೆದವರಿಗೆ ಇದರ ಕಷ್ಟ ಗೊತ್ತು.

ನೋಡುವುದು ಹೇಗೆ? ಕಾರು ಮಟ್ಟಸವಾದ ಜಾಗದಲ್ಲಿರಲಿ. ಶೆಡ್ಡಿನ ನೆಲ ಇಳಿಜಾರಾಗಿದ್ದರೆ ತಳ್ಳಿಕೊಂಡು ಹೊರಗೆ ತನ್ನಿ. ತಳ್ಳುವಾಗಲೇ ಕಾರು ನಿಂತಿದ್ದ ಜಾಗ ನೋಡಿ. ಒಂದೆರಡು ಹನಿ ಕಲೆ ಈ ಕಾರುಗಳಿಗೆ ಮಾಮೂಲು, ತಟ್ಟೆಯಗಲ ಕಲೆ ಮಾಮೂಲಲ್ಲ. ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆಯಿರಿ. ಮೇಲಿನ ಗೆರೆಗಿಂತ ಕೂದಲೆಳೆ ಮೇಲಿದ್ದರೆ ಗಾಬರಿ ಬೇಡ. ಫಿಲ್ಟರ್‌ನಲ್ಲಿದ್ದ ಆಯಿಲೂ ಕೆಳಗೆ ಇಳಿದಿರುತ್ತೆ. ಗೆರೆ ದಾಟಿ ಎದ್ದು ಕಾಣುವಷ್ಟು ಮೇಲಿದ್ದರೆ ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿಯಿರಿ. ಪೆಟ್ರೋಲ್ ವಾಸನೆ ಬಂದರೆ ಕೀ ಮುಟ್ಟಬೇಡಿ. ಬೀಡಿ, ಊದಿನಕಡ್ಡಿ ಎರಡೂ ದೂರ ಇರಲಿ.

ನೀರಿನದು ಬೇರೆ ಕಥೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ತೆಳ್ಳಗೆ ಬಿಳಿ ನೊರೆ ಕಂಡರೆ ಅದು ಬರೀ ತೇವ ಇರಬಹುದು, ಮಳೆಗಾಲದಲ್ಲಿ ಆಗುತ್ತೆ. ಕಡ್ಡಿಯ ಮೇಲೇ ಹಾಲು ಕಾಫಿ ಬಣ್ಣ ಬಂದಿದ್ದು, ರೇಡಿಯೇಟರ್ ನೀರೂ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಬೇಕು. ಆದರೆ ನೀರು ಆಯಿಲಿಗಿಂತ ಭಾರ. ತಿಂಗಳುಗಟ್ಟಲೆ ಅಲುಗದೆ ನಿಂತಿದ್ದರೆ ಅದು ತಳಕ್ಕೆ ಇಳಿದಿರುತ್ತೆ, ಕಡ್ಡಿಗೆ ಸಿಗಲ್ಲ. ಅದಕ್ಕೆ ಕೆಳಗೆ ಪಾತ್ರೆ ಇಟ್ಟು ಡ್ರೈನ್ ಬೋಲ್ಟನ್ನು ನಿಧಾನಕ್ಕೆ ಸ್ವಲ್ಪವೇ ಸಡಿಲಿಸಿ. ನೀರಿದ್ದರೆ ಮೊದಲು ಅದೇ ಹನಿಯುತ್ತೆ.

ಎರಡರಲ್ಲಿ ಯಾವುದೇ ಸಿಕ್ಕಿದರೂ ಮೊದಲು ಮೂಲ ರಿಪೇರಿ, ಆಮೇಲೆ ಹೊಸ ಆಯಿಲ್, ಹೊಸ ಫಿಲ್ಟರ್. ಏನೂ ಸಿಗದಿದ್ದರೂ ವರ್ಷ ದಾಟಿದ ಆಯಿಲ್ ಬದಲಿಸುವುದೇ ಒಳ್ಳೇದು. 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ಮಿನರಲ್ ಆಯಿಲ್ ಸಾಕು. ಹೊಸ ಕಾರುಗಳ ತೆಳು ಸಿಂಥೆಟಿಕ್ ದುಬಾರಿ ಅಂತ ಒಳ್ಳೇದಾಗಲ್ಲ, ಹಳೇ ಸೀಲುಗಳಲ್ಲಿ ಸೋರುತ್ತೆ ಅಷ್ಟೆ.

ಆಯಿಲ್ ಸರಿ ಇದೆ ಅಂತಾದ ಮೇಲೂ ತಕ್ಷಣ ಸ್ಟಾರ್ಟ್ ಮಾಡಬಾರದು. ಆಯಿಲೆಲ್ಲ ಕೆಳಗಿದೆ, ಮೇಲೆ ಒಣಗಿದೆ. ಪ್ಲಗ್‌ಗಳನ್ನು ಬಿಚ್ಚಿ ಒಂದೊಂದು ತೂತಿಗೂ ಒಂದು ಚಮಚ ಆಯಿಲ್ ಬಿಟ್ಟು, ಒಂದೆರಡು ಗಂಟೆ ಬಿಡಿ. ಹ್ಯಾಂಡಲ್ ಇದ್ದರೆ ಅದನ್ನು ಹಾಕಿ ಕೈಯಲ್ಲೇ ತಿರುಗಿಸಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ, ಮೆಕ್ಯಾನಿಕ್ ಕರೆಸಿ. ಸಲೀಸಾಗಿ ತಿರುಗಿದರೆ ಕಾಯಿಲ್ ವೈರ್ ತೆಗೆದಿಟ್ಟು, ಪ್ಲಗ್ ಹಾಕದೆಯೇ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರಬಾರದು, ನಡುವೆ ಬಿಡುವು ಕೊಡಿ. ಆಯಿಲ್ ಲೈಟ್ ಆರಿದ ಮೇಲೆ, ಮೀಟರ್ ಇರುವ ಕಾರಾದರೆ ಮುಳ್ಳು ಎದ್ದ ಮೇಲೆ, ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿ. ಲೈಟ್ ಕೆಲವೇ ಸೆಕೆಂಡಿನಲ್ಲಿ ಆರದಿದ್ದರೆ ಆಫ್ ಮಾಡಿ. ಮಕ್ಕಳನ್ನು ಖುಷಿಪಡಿಸಲು ರೇಸ್ ಮಾಡುವುದೆಲ್ಲ ಆಮೇಲೆ.

ಹತ್ತು ನಿಮಿಷ ಓಡಲಿ. ಆಫ್ ಮಾಡಿ ಐದು ನಿಮಿಷ ಬಿಟ್ಟು ಮತ್ತೆ ಕಡ್ಡಿ ಎಳೆಯಿರಿ, ಬಗ್ಗಿ ಕೆಳಗೂ ನೋಡಿ. ಬಣ್ಣ ಬದಲಾಗಿಲ್ಲ, ವಾಸನೆ ಇಲ್ಲ, ಮಟ್ಟ ಏರಿಲ್ಲ ಅಂದ್ರೆ ನಿಂಬೆಹಣ್ಣು ಟೈರಿನಡಿ ಇಡಬಹುದು.

ಇಳಿಸಿದ ಹಳೇ ಆಯಿಲನ್ನು ಚರಂಡಿಗೆ ಸುರಿಯಬೇಡಿ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಕ್ಯಾನಿನಲ್ಲಿ ತುಂಬಿ, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟುಬಿಡಿ.