ಹಳೆಯ ಚರ್ಮದ ಕೈಚೀಲದ ಉಪಚಾರ

ಹಳೆಯ ಸಾಮಾನಿನ ವಿಷಯದಲ್ಲಿ ಸಂಸಾರಸ್ಥರಲ್ಲಿ ಎರಡು ಪಂಗಡಗಳುಂಟು. ಯಾವುದನ್ನೂ ಬಿಸಾಡಬಾರದೆನ್ನುವವರದು ಒಂದು. ಯಾವುದನ್ನೂ ಇಟ್ಟುಕೊಳ್ಳಬಾರದೆನ್ನುವವರದು ಇನ್ನೊಂದು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಗಂಟುಮೂಟೆ ಹೊರುವ ನಮ್ಮಂಥ ಪರಸ್ಥಳದ ಕನ್ನಡಿಗರು ಬಹುಮಟ್ಟಿಗೆ ಎರಡನೆಯ ಪಂಗಡಕ್ಕೇ ಸೇರಿದವರು. ಮನೆ ಬದಲಾಯಿಸಿದಾಗಲೆಲ್ಲ ಒಂದಿಷ್ಟು ಸಾಮಾನು ಹಳೆಯ ಪೇಪರಿನವನ ಪಾಲಾಗುತ್ತದೆ. ನಮ್ಮಲ್ಲಿ ಹೀಗೆ ಐದು ಮನೆಗಳನ್ನು ದಾಟಿ ಉಳಿದುಕೊಂಡದ್ದು ಒಂದು ಚರ್ಮದ ಕೈಚೀಲ, ನಮ್ಮ ತಾಯಿಯವರ ವ್ಯಾನಿಟಿ ಬ್ಯಾಗು. ಅದನ್ನು ನಾನು ಕೈಯಾರೆ ಕೆಡಿಸಿ, ಆಮೇಲೆ ಕಷ್ಟಪಟ್ಟು ಉಳಿಸಿಕೊಂಡ ಕಥೆಯನ್ನು ವಾಚಕರ ಮುಂದಿಡುತ್ತಿದ್ದೇನೆ. ನಿಮ್ಮ ಅಟ್ಟದ ಮೇಲೂ ಅಂಥದೊಂದು ಇದ್ದೀತು. ಅಥವಾ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಕಂಡು ಆಸೆಪಟ್ಟು ನೀವು ತಂದಿರಲೂಬಹುದು. ನನ್ನ ತಪ್ಪಿನಿಂದ ಆ ಚೀಲಕ್ಕೆ ಒಳ್ಳೆಯದಾದರೆ ಸಂತೋಷ.

ನಾನು ಚೆನ್ನೈಯಲ್ಲಿ ಸರ್ಕಾರಿ ಕಛೇರಿಯೊಂದರ ಗುಮಾಸ್ತ. ನಮ್ಮ ತಾಯಿ ತೀರ್ಥಹಳ್ಳಿಯ ಕಡೆಯವರು. 1982ರಲ್ಲಿ ಮದುವೆಯಾಗಿ ಆಗಿನ ಮದರಾಸಿಗೆ ಬಂದರು. ಎರಡು ವರ್ಷದ ಮೇಲೆ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯ ಕೆಲಸ ಸಿಕ್ಕಿತು. ಮೊದಲ ತಿಂಗಳ ಸಂಬಳದಲ್ಲಿ ಅವರು ತಮಗಾಗಿ ಕೊಂಡ ವಸ್ತು ಇದೊಂದೇ. ಜೇನಿನ ಬಣ್ಣ, ಹಿತ್ತಾಳೆಯ ಕೊಂಡಿ, ಮೊಣಕೈಗೆ ತೂಗುಹಾಕುವಷ್ಟು ಹಿಡಿ. ಅಜ್ಜಿಯವರದು ಮಡಿಯ ಮನೆ; ತೊಗಲಿನ ಸಾಮಾನು ಒಳಕ್ಕೆ ಬರಕೂಡದು. ಆದುದರಿಂದ ಮುಂಬಾಗಿಲ ಹಿಂದಿನ ಮೊಳೆಯೇ ಅದರ ಕಾಯಂ ವಿಳಾಸವಾಯಿತು. ಅಮ್ಮ ಸಂಜೆ ಬಂದು ಚೀಲವನ್ನು ಅಲ್ಲಿ ತೂಗುಹಾಕಿ, ಕೈಕಾಲು ತೊಳೆದು ಒಳಗೆ ಹೋಗುತ್ತಿದ್ದುದು ನನ್ನ ಬಾಲ್ಯದ ಮೊದಲ ನೆನಪುಗಳಲ್ಲೊಂದು. ಆ ಚೀಲದಲ್ಲಿ ಪೆಪ್ಪರ್‌ಮಿಂಟು ಇರುತ್ತಿದ್ದುದೂ ಈ ನೆನಪು ಇಷ್ಟು ಗಟ್ಟಿಯಾಗಿರುವುದಕ್ಕೆ ಒಂದು ಕಾರಣವೆಂದು ಒಪ್ಪಿಕೊಳ್ಳಬೇಕು.

ಕಳೆದ ವರ್ಷ ನಮ್ಮ ಸಂಘದವರು, ಭಾನುವಾರಗಳಂದು ಮಕ್ಕಳಿಗೆ ಕನ್ನಡ ಕಲಿಸಿದ ಹಿರಿಯರಿಗೆ ರಾಜ್ಯೋತ್ಸವದ ದಿನ ಸನ್ಮಾನ ಮಾಡುವುದೆಂದು ನಿಶ್ಚಯಿಸಿದರು. ಅಮ್ಮನ ಹೆಸರೂ ಪಟ್ಟಿಯಲ್ಲಿತ್ತು. ಸುದ್ದಿ ಕೇಳಿ ಅವರು ಹೇಳಿದ್ದು ಇಷ್ಟೇ: "ಆ ನನ್ನ ಹಳೇ ಚೀಲ ಎಲ್ಲಿದೆಯೋ ನೋಡೋ. ಅವತ್ತು ಅದನ್ನೇ ಹಿಡ್ಕೊಂಡು ಬರ್ತೀನಿ."

ಅಟ್ಟದಿಂದ ಇಳಿಸಿ ನೋಡಿದರೆ, ಮೈತುಂಬ ಬೂದಿ ಬಳಿದಂತೆ ಬೂಷ್ಟು, ಕೊಂಡಿ ಕರಿಗಟ್ಟಿದೆ, ಹಿಡಿಯ ಒಂದು ಕಡೆಯ ಹೊಲಿಗೆ ಬಿಟ್ಟಿದೆ, ಮುಗ್ಗಲು ವಾಸನೆ. ಬಿ.ಎ. ಓದಿದವನು ಒಂದು ಚೀಲ ತೊಳೆಯಲು ಯಾರನ್ನು ಕೇಳಬೇಕು? ಮಾರನೆಯ ಭಾನುವಾರ ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾಗ ಬಕೆಟ್ಟಿನಲ್ಲಿ ಸೋಪಿನಪುಡಿ ಕದಡಿ ಚೀಲವನ್ನು ಮುಳುಗಿಸಿದೆ. ಬ್ರಷ್ಷು ಹಾಕಿ ಉಜ್ಜಿದೆ. ಕೊಂಡಿಗೆ ಹುಣಸೆಹಣ್ಣು ತಿಕ್ಕಿದೆ. ಟೆರೇಸಿನ ಬಿಸಿಲಿನಲ್ಲಿ ತೂಗುಹಾಕಿ, ಒಣಗಿದ ಮೇಲೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಸವರಿದೆ. ಸಂಜೆಯ ಹೊತ್ತಿಗೆ ಚೀಲ ಹಲಗೆಯಂತೆ ಸೆಟೆದುಕೊಂಡಿತ್ತು. ಮುಚ್ಚಳದ ಮಡಿಕೆಯಲ್ಲಿ ಉದ್ದಕ್ಕೆ ಬಿರುಕು. ಕೊಂಡಿಯ ಸುತ್ತ ಹುಳಿನೀರು ಹರಿದ ಕಲೆ. ಎಣ್ಣೆ ಹೀರಿದಲ್ಲೆಲ್ಲ ಭೂಪಟದಂತೆ ಕಪ್ಪು ಮಚ್ಚೆ.

ಮನೆಯವಳು ಬಂದು ನೋಡಿ, "ಅಲ್ಲಾ ರೀ, ಬಟ್ಟೆ ಒಗೆಯೋ ಸೋಪು ಹಾಕಿದಿರಿ, ಪಾತ್ರೆ ತಿಕ್ಕೋ ಹುಣಸೆಹಣ್ಣು ತಿಕ್ಕಿದಿರಿ, ತಲೆಗೆ ಹಚ್ಚೋ ಎಣ್ಣೆ ಹಚ್ಚಿದಿರಿ. ಅದು ಬಟ್ಟೆಯೋ, ಪಾತ್ರೆಯೋ, ತಲೆಯೋ ಅಂತ ಒಂದು ಸಲ ಯೋಚನೆ ಮಾಡಬಾರದಿತ್ತೆ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಚೀಲವನ್ನು ಅಮ್ಮನ ಕಣ್ಣಿಗೆ ಬೀಳದಂತೆ ಬೀರುವಿನಲ್ಲಿ ಬಚ್ಚಿಟ್ಟೆ. ಸಮಾರಂಭಕ್ಕೆ ಹದಿನೆಂಟು ದಿನ ಉಳಿದಿತ್ತು.

ಚೆನ್ನೈ ಚರ್ಮದ ವ್ಯಾಪಾರಕ್ಕೆ ಹಳೆಯ ಊರು. ಸೆಂಟ್ರಲ್ ನಿಲ್ದಾಣದ ಸಮೀಪದ ಪೆರಿಯಮೇಟು ಬಹು ಕಾಲದಿಂದ ಅದರ ಪೇಟೆ. ಅಡಯಾರಿನಲ್ಲಿ 1948ರಲ್ಲಿ ಸ್ಥಾಪನೆಯಾದ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯೂ ಇಲ್ಲೇ ಇದೆ. ಕಛೇರಿಯ ಮಿತ್ರರೊಬ್ಬರ ಮಾತಿನಂತೆ ಪೆರಿಯಮೇಟಿನ ಗಲ್ಲಿಯೊಂದರಲ್ಲಿ ಕೂತು ಚೀಲ, ಬೆಲ್ಟು ರಿಪೇರಿ ಮಾಡುವ ಮುದುಕರೊಬ್ಬರ ಬಳಿಗೆ ಹೋದೆ. ಅವರು ಚೀಲವನ್ನು ಮೂಸಿದರು. ಹಿಡಿಯ ಕತ್ತರಿಸಿದ ಅಂಚನ್ನು ನೋಡಿದರು. ಒಳಬದಿಗೆ ಒಂದು ಹನಿ ನೀರು ಇಟ್ಟು ಅದು ಇಂಗುವುದನ್ನು ಕಾದರು. ಆಮೇಲೆ ತಮಿಳಿನಲ್ಲಿ ಕೇಳಿದರು: "ಸಾರ್, ಇದಕ್ಕೆ ಸ್ನಾನ ಮಾಡಿಸಿದಿರಾ?"

ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತೇನೆ.

ಚರ್ಮವನ್ನು ಹದ ಮಾಡುವುದರಲ್ಲಿ ಮುಖ್ಯವಾಗಿ ಎರಡು ವಿಧ. ಮೊದಲನೆಯದು ತೊಗಟೆಯ ಹದ. ತಮಿಳರು ಆವಾರಂ ಎನ್ನುವ, ನಮ್ಮಲ್ಲಿ ತಂಗಡಿ ಅಥವಾ ಆವರಿಕೆ ಎಂದು ಕರೆಯುವ ಹಳದಿ ಹೂವಿನ ಗಿಡದ ತೊಗಟೆಗೂ ಅಳಲೆಕಾಯಿಗೂ ಈ ಸೀಮೆಯಲ್ಲಿ ಹಿಂದಿನಿಂದ ಹೆಸರು. ಎರಡನೆಯದು ಕ್ರೋಮ್ ಲವಣದ ಹದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಇದನ್ನು ಪ್ರಯೋಗಿಸಿ ಪ್ರಚಾರಕ್ಕೆ ತಂದವರು ಆಲ್ಫ್ರೆಡ್ ಚಾಟರ್ಟನ್. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದವರೂ ಇವರೇ. ನಾವು ದಿನವೂ ರೈಲಿನಲ್ಲಿ ದಾಟಿ ಹೋಗುವ ಕ್ರೋಂಪೇಟೆಗೆ ಆ ಹೆಸರು ಬಂದದ್ದು ಅಲ್ಲಿದ್ದ ಕ್ರೋಮ್ ಲೆದರ್ ಕಂಪನಿಯಿಂದ. ಕತ್ತರಿಸಿದ ಅಂಚಿನಲ್ಲಿ ನಸುನೀಲಿ ಅಥವಾ ಬೂದು ಛಾಯೆ ಕಂಡರೆ ಸಾಮಾನ್ಯವಾಗಿ ಕ್ರೋಮ್. ಕಂದು ಕಂಡರೆ ಹೆಚ್ಚಾಗಿ ತೊಗಟೆಯ ಹದ. ಕ್ರೋಮ್ ಚರ್ಮ ನೀರನ್ನು ಅಷ್ಟಿಷ್ಟು ತಾಳಿಕೊಳ್ಳುತ್ತದೆ. ತೊಗಟೆಯದು ನೀರನ್ನು ಕುಡಿದು ಕಲೆಯಾಗುತ್ತದೆ. ಬೆಳಕಿಗೂ ಕೈಯ ಜಿಡ್ಡಿಗೂ ವರ್ಷವರ್ಷ ಬಣ್ಣ ಏರುತ್ತದೆ. ಅಮ್ಮನ ಚೀಲ ತೊಗಟೆಯ ಹದದ್ದು.

ಚರ್ಮವೆಂದರೆ ಎಳೆಎಳೆಯಾದ ನಾರಿನ ಜಾಲ. ಎಳೆಗಳು ಒಂದರ ಮೇಲೊಂದು ಜಾರುವಂತೆ ಹದ ಮಾಡುವವರು ಎಣ್ಣೆಯ ಅಂಶವನ್ನು ಕೊಟ್ಟಿರುತ್ತಾರೆ. ಸೋಪಿನ ನೀರು ಅದನ್ನು ತೆಗೆದುಹಾಕುತ್ತದೆ. ಬಿಸಿಲಿನಲ್ಲಿ ನೀರು ಬೇಗ ಆರಿದಾಗ ಎಳೆಗಳು ಅಂಟಿಕೊಂಡು ಸೆಟೆಯುತ್ತವೆ. ಮೇಲೆ ಕೊಬ್ಬರಿ ಎಣ್ಣೆ ಸುರಿದರೆ ಅದು ಸಮನಾಗಿ ಹರಡುವುದಿಲ್ಲ. ಮಚ್ಚೆಯಾಗುತ್ತದೆ, ಧೂಳು ಹಿಡಿಯುತ್ತದೆ, ಕಾಲಕ್ರಮದಲ್ಲಿ ಕಮಟು ವಾಸನೆಯೂ ಬರಬಹುದು. ನಾನು ಮಾಡಿದ ಒಂದೊಂದು ಕೆಲಸವೂ ಹಿಂದಿನ ಕೆಲಸದ ಹಾನಿಯನ್ನು ಇಮ್ಮಡಿಸಿತ್ತು.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ಒಣ ಕೆಲಸ. ಚೀಲವನ್ನು ಬರಿದು ಮಾಡಿ, ಒಳಗಿನ ಅಸ್ತರಿಯನ್ನು ಹೊರಕ್ಕೆಳೆದು ಕೊಡವಿ, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಬೇಕು. ಬೂಷ್ಟಿದ್ದರೆ ಈ ಕೆಲಸ ಮನೆಯ ಹೊರಗೇ ನಡೆಯಲಿ. ಇಲ್ಲವಾದರೆ ಅದು ಬೀರುವಿನ ಇತರ ಸಾಮಾನಿಗೂ ಹಬ್ಬೀತು. ಬಿಳಿ ಕಂಡದ್ದೆಲ್ಲ ಬೂಷ್ಟಲ್ಲ. ಬೆಚ್ಚನೆಯ ಗಾಳಿ ಸೋಕಿದೊಡನೆ ಕರಗಿ ಮಾಯವಾದರೆ ಅದು ಚರ್ಮದೊಳಗಿನ ಕೊಬ್ಬು ಮೇಲೆ ಬಂದದ್ದು, ಒರೆಸಿದರೆ ಸಾಕು. ಎರಡನೆಯದಾಗಿ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸುವುದು. ಕೊಳೆ ಬಿಡದಿದ್ದರೆ ಮಾತ್ರ ಚರ್ಮಕ್ಕೆಂದೇ ಮಾರುವ ಸೌಮ್ಯವಾದ ಸೋಪಿನ ಬರಿಯ ನೊರೆ. ಯಾವುದನ್ನು ಹಚ್ಚುವುದಿದ್ದರೂ ಮೊದಲು ತಳದಲ್ಲೋ ಹಿಡಿಯ ಒಳಬದಿಯಲ್ಲೋ, ಯಾರ ಕಣ್ಣಿಗೂ ಬೀಳದ ಕಡೆ ಪರೀಕ್ಷಿಸಬೇಕು. ಬಟ್ಟೆಗೆ ಚರ್ಮದ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸುವುದು.

ಒಣಗಿಸುವುದು ನೆರಳಿನಲ್ಲಿ, ಗಾಳಿಯಾಡುವಲ್ಲಿ. ಆಕಾರ ಕೆಡದಂತೆ ಒಳಗೆ ಬಿಳಿಯ ಕಾಗದವನ್ನು ಮುದ್ದೆ ಮಾಡಿ ತುಂಬಬೇಕು. ವೃತ್ತಪತ್ರಿಕೆ ತುಂಬಿದರೆ ಅದರ ಮಸಿ ಅಸ್ತರಿಗೆ ಹತ್ತಬಹುದು. ಪೂರ್ತಿ ಆರಿದ ಮೇಲೆ ಚರ್ಮಕ್ಕೆಂದು ಮಾಡಿದ ಮೇಣದ ಕ್ರೀಮನ್ನು ಬೆರಳತುದಿಯಷ್ಟು ತೆಗೆದುಕೊಂಡು ಬಟ್ಟೆಯಿಂದ ತೆಳುವಾಗಿ ಸವರಿ, ಒಂದು ರಾತ್ರಿ ಬಿಟ್ಟು ಒರೆಸಿ ತೆಗೆಯುವುದು. ಸಾಲದಿದ್ದರೆ ಇನ್ನೊಂದು ದಿನ ಇನ್ನೊಮ್ಮೆ. ಬಣ್ಣದ ಬೂಟ್ ಪಾಲಿಷ್ ಬೇಡ. ಅದು ಸೀರೆಗೆ ಹತ್ತುತ್ತದೆ. ವಾಸನೆ ಹೋಗದಿದ್ದರೆ ಬಟ್ಟಲಲ್ಲಿ ಅಡಿಗೆ ಸೋಡಾ ಹಾಕಿ, ಚೀಲದ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿ ನಾಲ್ಕು ದಿನ ಇಡಬಹುದು. ಸೋಡಾ ಚರ್ಮಕ್ಕೆ ತಾಗಬಾರದು. ಹಿತ್ತಾಳೆಗೆ ಹುಳಿಯ ಬದಲು ಒಣ ಬಟ್ಟೆ. ಉಜ್ಜುವಾಗ ಕೊಂಡಿಯ ಕೆಳಗೆ ರಟ್ಟಿನ ಚೂರೊಂದನ್ನು ತೂರಿಸಿದರೆ ಚರ್ಮ ಉಳಿಯುತ್ತದೆ.

ಚೀಲದ ಒಳಜೇಬಿನ ಬಳಿ ಒಂದು ಕಪ್ಪು ಚುಕ್ಕೆಯಿತ್ತು. ತುಕ್ಕು ಹಿಡಿದ ಸೇಫ್ಟಿ ಪಿನ್ನು ಮಾಡಿದ್ದು. ತೊಗಟೆಯ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ನಮ್ಮ ಹಿರಿಯರು ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ಶಾಯಿಯಿಂದಲೇ ಅನ್ನ ಸಂಪಾದಿಸುವ ಗುಮಾಸ್ತನಿಗೆ ಇದು ಗೊತ್ತಿರಲಿಲ್ಲವೆಂಬುದು ನಾಚಿಕೆಯ ವಿಷಯ. ಇಂಥ ಕಲೆಯನ್ನು ಮನೆಯಲ್ಲಿ ತೆಗೆಯಲು ಹೋಗದಿರುವುದೇ ಲೇಸು.

ಸೆಕೆಂಡ್‌ಹ್ಯಾಂಡ್ ಚೀಲ ಕೊಳ್ಳುವವರಿಗೆ ಎರಡು ಮಾತು. ಮೇಲ್ಪದರ ಸಿಪ್ಪೆಯಂತೆ ಏಳುತ್ತಾ ಕೆಳಗೆ ಬಟ್ಟೆ ಕಂಡರೆ ಅದು ರೆಕ್ಸಿನ್ನು; ಯಾವ ಕ್ರೀಮೂ ಅದನ್ನು ಬದುಕಿಸದು. ಚರ್ಮವೇ ಆಗಿದ್ದು, ಮುಟ್ಟಿದರೆ ಕೆಂಪು ಪುಡಿ ಬೆರಳಿಗೆ ಹತ್ತಿದರೆ ನಾರೇ ಜೀರ್ಣವಾಗಿದೆಯೆಂದು ತಿಳಿಯಬೇಕು. ಎರಡನ್ನೂ ಬಿಟ್ಟುಬಿಡಿ. ಹೊಲಿಗೆ ಬಿಟ್ಟಿದ್ದರೆ, ಕೊಂಡಿ ಕಪ್ಪಾಗಿದ್ದರೆ, ಬಣ್ಣ ಮಾಸಿದ್ದರೆ ಹೆದರಬೇಕಾಗಿಲ್ಲ.

ನಮ್ಮ ಚೀಲದ ಹೊಲಿಗೆಯನ್ನು ಮುದುಕರು ನನ್ನೆದುರಿಗೇ ಹಾಕಿದರು. ಮೇಣ ತಿಕ್ಕಿದ ಒಂದೇ ದಾರಕ್ಕೆ ಎರಡು ತುದಿಯಲ್ಲೂ ಸೂಜಿ. ಎರಡೂ ಎದುರುಬದುರಾಗಿ ಒಂದೇ ತೂತಿನಲ್ಲಿ ಹಾಯುತ್ತವೆ. ಹಳೆಯ ತೂತುಗಳನ್ನೇ ಬಳಸಿದರು. ಹೊಸ ತೂತು ಹೊಡೆದರೆ ಅಂಚೆಚೀಟಿಯ ಹಾಳೆಯಂತೆ ಅಲ್ಲಿಗೇ ಹರಿಯುತ್ತದಂತೆ. ಕೂಲಿ ಮುನ್ನೂರೈವತ್ತು ಎಂದಾಗ ನಾನು ರೂಢಿಯಂತೆ ಇನ್ನೂರಕ್ಕೆ ಕೇಳಿದೆ. ಅವರು ಏನೂ ಹೇಳಲಿಲ್ಲ. ತಲೆ ತಗ್ಗಿಸಿ ದಾರಕ್ಕೆ ಮೇಣ ತಿಕ್ಕುತ್ತಿದ್ದರು. ಬಸವ ಜಯಂತಿಯಂದು ಸಂಘದ ವೇದಿಕೆಯಲ್ಲಿ ಹರಳಯ್ಯನವರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸಿದವರಲ್ಲಿ ನಾನೂ ಒಬ್ಬ. ಅದು ಆಗ ನೆನಪಿಗೆ ಬಂದು ಕೇಳಿದಷ್ಟೂ ಕೊಟ್ಟೆ. ಮಡಿಯ ನೆಪದಲ್ಲಿ ತೊಗಲನ್ನು ಬಾಗಿಲಾಚೆ ನಿಲ್ಲಿಸಿದ ನಾವು, ತೊಗಲಿನಲ್ಲಿ ದುಡಿಯುವವರನ್ನು ಎಲ್ಲಿ ನಿಲ್ಲಿಸಿದ್ದೆವೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಅವರು ಮತ್ತೊಂದು ಮಾತು ಹೇಳಿದ್ದರು. ಹಿಡಿಯ ನಡುವೆ ಅಮ್ಮನ ಕೈ ಹಿಡಿದು ಹಿಡಿದು ಕಪ್ಪಾದ ಜಾಗವಿತ್ತು. ಅದನ್ನೂ ತೆಗೆಯಬಹುದೇ ಎಂದು ಕೇಳಿದೆ. "ಅದು ಕೊಳೆಯಲ್ಲ ಸಾರ್, ಅಮ್ಮನ ಕೈ. ಅದನ್ನು ತೆಗೆದರೆ ಇದು ಯಾರ ಚೀಲ?" ಎಂದರು. ಹದಿನೈದು ದಿನ, ತೆಳುವಾಗಿ ಕ್ರೀಮು ಸವರಿ ಕೈಯಲ್ಲಿ ಮೆಲ್ಲಗೆ ಬಗ್ಗಿಸುತ್ತಾ ಬಂದ ಮೇಲೆ ಚೀಲದ ಬಿಗು ಮುಕ್ಕಾಲು ಪಾಲು ಸಡಿಲಿತು. ಮುಚ್ಚಳದ ಬಿರುಕು ಮಾತ್ರ ಹಾಗೆಯೇ ಇದೆ, ಇನ್ನು ಹೋಗುವುದಿಲ್ಲ.

ಈ ನಡುವೆ ಒಂದು ದಿನ ಅಸ್ತರಿಯ ಹರಿದ ಮೂಲೆಯೊಳಗೆ ಬೆರಳಿಗೆ ಏನೋ ತಗುಲಿತು. ತೆಗೆದರೆ ಅಲೆಅಲೆಯ ಅಂಚಿನ, ಬಸವನ ಚಿತ್ರವಿರುವ ಒಂದಾಣೆ, ಇಸವಿ 1950. ಆಣೆಯ ಲೆಕ್ಕ ಹೋಗಿ ನಯೇ ಪೈಸೆ ಬಂದದ್ದು 1957ರಲ್ಲಿ. 1984ರಲ್ಲಿ ಹೊಸದಾಗಿ ಕೊಂಡ ಚೀಲದೊಳಗೆ ಒಂದಾಣೆ ಹೇಗೆ ಬಂತು?

ಸಮಾರಂಭದ ಹಿಂದಿನ ರಾತ್ರಿ ಚೀಲವನ್ನೂ ನಾಣ್ಯವನ್ನೂ ಅಮ್ಮನ ಮುಂದಿಟ್ಟೆ. ಅವರು ನಾಣ್ಯವನ್ನು ತಿರುಗಿಸಿ ನೋಡಿ ನಕ್ಕರು. "ಅದು ಹೊಸದಲ್ಲ ಕಣೋ. ಮೂರ್ ಮಾರ್ಕೆಟ್ಟಿನಲ್ಲಿ ಹಳೇ ಸಾಮಾನಿನ ಅಂಗಡೀಲಿ ತಗೊಂಡಿದ್ದು. ತೊಗಲು ಅಂದರೇ ನಿಮ್ಮಜ್ಜಿ ಬಾಗಿಲಲ್ಲಿ ನಿಲ್ಲಿಸಿದರು. ಬೇರೆ ಯಾರೋ ಹಿಡಿದ ತೊಗಲು ಅಂತ ಹೇಳಿದ್ದರೆ? ಹೊಸದು ಅಂದುಬಿಟ್ಟೆ. ಮಾರನೇ ವರ್ಷ ಆ ಮಾರ್ಕೆಟ್ಟೇ ಸುಟ್ಟುಹೋಯ್ತು. ಇನ್ನು ಹೇಳೋದೇನು ಅಂತ ಸುಮ್ಮನಾದೆ."

1900ರಲ್ಲಿ ತೆರೆದ ಮೂರ್ ಮಾರ್ಕೆಟ್ 1985ರಲ್ಲಿ ಬೆಂಕಿಗೆ ಆಹುತಿಯಾಯಿತು. ಆದರೆ ಅಲ್ಲಿಂದ ಒಬ್ಬ ಉಪಾಧ್ಯಾಯಿನಿಯ ಕೈಗೆ ಬಂದ ಚೀಲ ಉಳಿದಿತ್ತು. ನಲವತ್ತು ವರ್ಷ ಅವರು ಕಾಪಾಡಿಕೊಂಡು ಬಂದ ಗುಟ್ಟೂ ಉಳಿದಿತ್ತು. ಅವರ ಗುಟ್ಟು ಹೊರಬಿದ್ದ ಮೇಲೆ ನನ್ನದನ್ನು ಬಚ್ಚಿಡುವುದು ನ್ಯಾಯವಾಗಿ ತೋರಲಿಲ್ಲ. ಬಕೆಟ್ಟು, ಹುಣಸೆಹಣ್ಣು, ಬಿಸಿಲು ಎಲ್ಲವನ್ನೂ ಒಪ್ಪಿಸಿದೆ.

ಅಮ್ಮ ಮುಚ್ಚಳದ ಬಿರುಕಿನ ಮೇಲೆ ಬೆರಳಾಡಿಸಿ, "ಇರಲಿ ಬಿಡು. ಮೊದಲು ಯಾರದೋ ಒಂದಾಣೆ ಇತ್ತು, ಆಮೇಲೆ ನನ್ನ ಕೈಗುರುತು ಬಿತ್ತು. ಈಗ ನಿನ್ನದೂ ಒಂದು ಗುರುತು ಸೇರಿತು" ಎಂದರು. ಮಾರನೆಯ ದಿನ ಅದೇ ಚೀಲವನ್ನು ಮೊಣಕೈಗೆ ಹಾಕಿಕೊಂಡು ವೇದಿಕೆ ಹತ್ತಿದರು. ಒಂದಾಣೆ ಒಳಜೇಬಿನಲ್ಲೇ ಇತ್ತು; ಪೆಪ್ಪರ್‌ಮಿಂಟೂ ಇತ್ತೆಂದು ನನ್ನ ಮಗಳು ಹೇಳುತ್ತಾಳೆ.

ವಾಚಕರೇ, ಹಳೆಯ ಚೀಲವನ್ನು ಹೊಸದು ಮಾಡಲು ಹೋಗಬೇಡಿ. ಅದು ಆಗುವ ಕೆಲಸವಲ್ಲ. ಆಗಬೇಕಾದ ಕೆಲಸವೂ ಅಲ್ಲ. ಇದ್ದುದನ್ನು ಇದ್ದ ಹಾಗೆ ಇನ್ನಷ್ಟು ಕಾಲ ಉಳಿಸಿಕೊಂಡರೆ ಸಾಕು. ಅದಕ್ಕೆ ಬೇಕಾದದ್ದು ಮೆತ್ತನೆಯ ಬಟ್ಟೆ, ನೆರಳು, ತುಸು ತಾಳ್ಮೆ, ಮತ್ತು ಕೆಲಸ ಬಲ್ಲವರನ್ನು ಕೇಳುವ ವಿನಯ. ಈಗ ನಮ್ಮ ಚೀಲ ಅಟ್ಟದ ಮೇಲಿಲ್ಲ, ಬಾಗಿಲ ಹಿಂದಿನ ಮೊಳೆಯ ಮೇಲೂ ಇಲ್ಲ. ಹತ್ತಿಬಟ್ಟೆಯಲ್ಲಿ ಸುತ್ತಿಕೊಂಡು ಅಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕದಲ್ಲೇ ಕೂತಿದೆ.