ಮುತ್ತುಗದ ಹೂವೂ ಮಸೂರದ ಕಣ್ಣೂ

ಮಹಾಕಾವ್ಯವೆಂದರೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂಬುದು ಪ್ರಾಚೀನ ಲಾಕ್ಷಣಿಕರ ವಿಧಿ. ಋತುವರ್ಣನೆ ಅವುಗಳಲ್ಲೊಂದು, ಋತುಗಳಲ್ಲಿ ವಸಂತಕ್ಕೇ ಅಗ್ರಪೂಜೆ. ಹತ್ತನೆಯ ಶತಮಾನದ ಪಂಪನಿಂದ ಮೊದಲ್ಗೊಂಡು ಕನ್ನಡದ ಕವಿಗಳು ಮಾವಿನ ಚಿಗುರನ್ನೂ ಮಲ್ಲಿಗೆಯ ಮೊಗ್ಗನ್ನೂ ಕೋಗಿಲೆಯ ಇಂಚರವನ್ನೂ ತಣಿಯದೆ ಬಣ್ಣಿಸಿದ್ದಾರೆ. ಆ ವರ್ಣನೆಗಳು ಕನ್ನಡಿಗರ ಸಂಪತ್ತೆಂಬುದು ನಿರ್ವಿವಾದ. ಆದರೆ ಸಂಪತ್ತಿಗೂ ಒಂದು ಅಪಾಯವುಂಟು. ಮಾತು ಬಾಯಿಪಾಠವಾದ ಮೇಲೆ ವಸ್ತುವನ್ನು ನೋಡುವ ಶ್ರಮವನ್ನು ಮನುಷ್ಯನು ಬಿಟ್ಟುಬಿಡುತ್ತಾನೆ. ವಸಂತ ಬಂತೆಂದು ಪಂಚಾಂಗ ಹೇಳುತ್ತದೆ, ಪದ್ಯ ಹೇಳುತ್ತದೆ. ಕಣ್ಣು ಮಾತ್ರ ಸುಮ್ಮನಿರುತ್ತದೆ. ಹೀಗೆ ಸುಮ್ಮನಾದ ಕಣ್ಣನ್ನು ಮತ್ತೆ ಕೆಲಸಕ್ಕೆ ಹಚ್ಚುವ ಸಾಧನಗಳಲ್ಲಿ ಹವ್ಯಾಸಿಯ ಕೈಯಲ್ಲಿರುವ ಕ್ಯಾಮೆರಾ ಒಂದು. ಅದರ ಉಪಕಾರ ಎಂಥದೆಂಬುದನ್ನು ತಿಳಿಯಲು ಒಂದೇ ಒಂದು ಹೂವನ್ನು ಆರಿಸಿಕೊಂಡರೆ ಸಾಕು. ಅದು ಮುತ್ತುಗದ ಹೂವು.

ವಿದ್ಯೆಯಿಲ್ಲದವನನ್ನು ಪರಿಮಳವಿಲ್ಲದ ಮುತ್ತುಗದ ಹೂವಿಗೆ ಹೋಲಿಸುವ ಸಂಸ್ಕೃತ ಸುಭಾಷಿತವೊಂದು ಶಾಲೆಗಳಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ಅದನ್ನು ಕಂಠಪಾಠ ಮಾಡದ ವಿದ್ಯಾರ್ಥಿ ವಿರಳ. ಪಾಠ ಒಪ್ಪಿಸಲಾರದ ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು ಅದನ್ನು ಪ್ರಯೋಗಿಸದ ಉಪಾಧ್ಯಾಯರೂ ವಿರಳವೆನ್ನಬೇಕು. ಕಾಳಿದಾಸನಂಥ ಮಹಾಕವಿಯೂ ‘ಕುಮಾರಸಂಭವ’ದ ಮೂರನೆಯ ಸರ್ಗದಲ್ಲಿ ಕರ್ಣಿಕಾರವೆಂಬ ಇನ್ನೊಂದು ಹೂವಿಗೆ ಬಣ್ಣವಿದ್ದೂ ಗಂಧವಿಲ್ಲವಲ್ಲಾ ಎಂದು ಮರುಗಿದ್ದಾನೆ. ಒಟ್ಟಿನಲ್ಲಿ ಬಣ್ಣವಿದ್ದು ವಾಸನೆಯಿಲ್ಲದ ಹೂವೆಂದರೆ ಏನೋ ಕೊರತೆಯುಳ್ಳದ್ದು, ಸೃಷ್ಟಿಕರ್ತನ ಕೈ ತಪ್ಪಿ ಅರ್ಧಕ್ಕೇ ನಿಂತದ್ದು ಎಂಬ ಭಾವನೆ ರೂಢಿಯಾಯಿತು. ಮುತ್ತುಗದ ಮರವಾದರೋ ಈ ತೀರ್ಪನ್ನು ಕೇಳಿಯೂ ಕೇಳದಂತೆ ಪ್ರತಿವರ್ಷ ಹೂ ಬಿಡುತ್ತಲೇ ಬಂದಿದೆ.

ದಾಸೋಹದ ಪಂಕ್ತಿಯಲ್ಲಿ ಮುತ್ತುಗದೆಲೆಯ ಮೇಲೆ ಉಂಡವರು ಅಸಂಖ್ಯ. ಅದರ ಹೂವನ್ನು ಗೇಣುದೂರದಿಂದ ನೋಡಿದವರು ಎಷ್ಟು ಮಂದಿ? ಶಿಶಿರದ ಕೊನೆಯಲ್ಲಿ ಮರವು ತನ್ನ ಮೂರುಮೂರು ಎಲೆಗಳ ಗೊಂಚಲನ್ನು ಕಳಚಿಕೊಂಡು ಬರಿಗೊಂಬೆಯಾಗಿ ನಿಲ್ಲುತ್ತದೆ. ವಸಂತ ಕಾಲಿಡುವ ಮುನ್ನವೇ ಆ ಬರಿಗೊಂಬೆಗಳ ತುಂಬ ಕೆಂಡದ ಬಣ್ಣ. ದೂರದಿಂದ ನೋಡುವವನಿಗೆ ಅದು ಕಾಡಿಗೆ ಹತ್ತಿದ ಬೆಂಕಿ. ‘ಕಾಡಿನ ಜ್ವಾಲೆ’ ಎಂದು ಇಂಗ್ಲಿಷರು ಹೆಸರಿಟ್ಟದ್ದು ಈ ದೂರದ ನೋಟದಿಂದಲೇ. ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವುದೂ ಇಷ್ಟೇ.

ಇನ್ನು ಕ್ಯಾಮೆರಾ ಹಿಡಿದ ಹವ್ಯಾಸಿ ಬಾಗಿದ ಕೊಂಬೆಯೊಂದರ ಬಳಿಗೆ ಬರುತ್ತಾನೆ. ಮಸೂರವನ್ನು ಹೊಂದಿಸಿ ಒಂದೇ ಹೂವಿನ ಮೇಲೆ ದೃಷ್ಟಿ ನೆಡುತ್ತಾನೆ. ಬೆಂಕಿಯೆಂಬ ಉಪಮಾನ ಆ ಕ್ಷಣವೇ ಆರಿಹೋಗುತ್ತದೆ. ಕಾಣುವುದು ಬೇರೆಯೇ ಒಂದು ರಚನೆ. ಬುಡದಲ್ಲಿ ಕಪ್ಪೆನ್ನಬಹುದಾದ ಕಂದುಬಣ್ಣದ, ಮಖಮಲ್ಲಿನಂಥ ಪುಷ್ಪಪಾತ್ರ. ಅದರೊಳಗಿಂದ ಹೊರಟ ಐದು ದಳಗಳು: ಹಿಂದಕ್ಕೆ ಬಾಗಿದ ದೊಡ್ಡದೊಂದು, ಇಕ್ಕೆಲದಲ್ಲಿ ರೆಕ್ಕೆಯಂಥ ಎರಡು, ಒಂದಕ್ಕೊಂದು ಕೂಡಿ ದೋಣಿಯಾದ ಇನ್ನೆರಡು. ಆ ದೋಣಿಯ ಮೂತಿ ಬಾಗಿ ಚೂಪಾಗಿದೆ. ಅದರೊಳಗೆ ಹತ್ತು ಕೇಸರಗಳು ಅಡಗಿವೆ. ಒಂಬತ್ತು ಒಟ್ಟುಗೂಡಿವೆ, ಹತ್ತನೆಯದು ಪ್ರತ್ಯೇಕವಾಗಿ ನಿಂತಿದೆ. ಸೂರ್ಯ ಹೂವಿನ ಹಿಂದಿದ್ದರೆ ಇನ್ನೂ ಒಂದು ಸೋಜಿಗ. ದಳಗಳ ಹೊರಮೈಯ ಮೇಲೆಲ್ಲ ರೇಷ್ಮೆಯಂಥ ನವಿರಾದ ರೋಮಗಳು ಬೆಳಕನ್ನು ಹಿಡಿದು, ಕಿತ್ತಳೆಯ ಬಣ್ಣದ ಸುತ್ತ ಬೆಳ್ಳಿಯ ಅಂಚನ್ನು ಕಟ್ಟುತ್ತವೆ. ಬರಿಗಣ್ಣು ದಾಟಿಹೋದ ಈ ಬೆಳ್ಳಿಯನ್ನು ಚಿತ್ರವು ಹಿಡಿದು ನಿಲ್ಲಿಸುತ್ತದೆ.

ಬಾಗಿದ ಆ ಮೂತಿಯನ್ನು ಚಿತ್ರದಲ್ಲಿ ಕಂಡವನಿಗೆ ಹೂವಿನ ಸಂಸ್ಕೃತನಾಮದ ಗುಟ್ಟೂ ಬಯಲಾಗುತ್ತದೆ. ಮುತ್ತುಗಕ್ಕೆ ‘ಕಿಂಶುಕ’ವೆಂದು ಹೆಸರು. ‘ಕಿಂ’ ಎಂದರೆ ಏನು, ‘ಶುಕ’ವೆಂದರೆ ಗಿಳಿ, ‘ಇದೇನು, ಗಿಳಿಯೇ?’ ಎಂಬ ಬೆರಗೇ ಹೆಸರಾಗಿದೆಯೆಂದು ವಿದ್ವಾಂಸರು ವಿವರಿಸುತ್ತಾರೆ. ಹೂವಿನ ದೋಣಿ ಗಿಳಿಯ ಕೊಕ್ಕಿನಂತಿರುವುದೇ ಇದಕ್ಕೆ ಕಾರಣ. ಅಂದರೆ ಈ ಹೆಸರನ್ನು ಇಟ್ಟವನು ದೂರದಿಂದ ಬೆಂಕಿಯನ್ನು ಕಂಡವನಲ್ಲ. ಮರದ ಬುಡಕ್ಕೆ ಹೋಗಿ, ಒಂದು ಹೂವನ್ನು ದಿಟ್ಟಿಸಿ, ಬೆರಗಾಗಿ ಪ್ರಶ್ನೆ ಕೇಳಿದವನು. ಮಸೂರವಿಲ್ಲದ ಕಾಲದಲ್ಲಿ ಮಸೂರದ ಕಣ್ಣುಳ್ಳವನು. ಛಾಯಾಗ್ರಹಣ ಪರಂಪರೆಗೆ ಎದುರಾದ ಹೊಸಗಾಳಿಯೆಂದು ಶಂಕಿಸುವವರು ಇದನ್ನು ಗಮನಿಸಬೇಕು. ಶಬ್ದದೊಳಗೆ ಹುದುಗಿದ್ದ ಹಳೆಯ ನೋಟವನ್ನೇ ಕ್ಯಾಮೆರಾ ಇಲ್ಲಿ ಮರಳಿ ತಂದುಕೊಟ್ಟಿದೆ.

ಉಳಿದ ಪ್ರಶ್ನೆ ಪರಿಮಳದ್ದು. ಹವ್ಯಾಸಿ ಮರದ ಕೆಳಗೆ ಒಂದು ಮುಂಜಾವು ತಾಳ್ಮೆಯಿಂದ ಕುಳಿತರೆ ಅದಕ್ಕೂ ಉತ್ತರ ದೊರೆಯುತ್ತದೆ. ಮೊದಲು ಸೂರಕ್ಕಿ ಬರುತ್ತದೆ, ಗೊರವಂಕ ಬರುತ್ತದೆ, ಪಿಕಳಾರ ಬರುತ್ತದೆ. ಅಳಿಲು ಕೊಂಬೆಯಿಂದ ಕೊಂಬೆಗೆ ಹರಿಯುತ್ತದೆ. ಹೂವಿನ ಬುಡದಲ್ಲಿ ಮಕರಂದವಿದೆ. ಅದನ್ನು ಹೀರಲು ಬಂದ ಹಕ್ಕಿಯ ಮೈಗೆ ಪರಾಗ ಅಂಟಿ ಇನ್ನೊಂದು ಹೂವಿಗೆ ಸಾಗುತ್ತದೆ. ಹೂಗಳನ್ನು ಅರಸುವ ಹಕ್ಕಿಗಳಿಗೆ ಮುಖ್ಯ ದಾರಿದೀಪ ಬಣ್ಣ, ವಾಸನೆಯಲ್ಲ. ರಾತ್ರಿಯಲ್ಲಿ ಪತಂಗಗಳನ್ನು ಕರೆಯುವ ಬಿಳಿಯ ಹೂಗಳಿಗೆ ಪರಿಮಳ ಬೇಕು, ಕತ್ತಲಲ್ಲಿ ಬಣ್ಣ ಕಾಣದು. ಹಗಲಿನ ಹಕ್ಕಿಯನ್ನು ಕರೆಯುವ ಮುತ್ತುಗಕ್ಕೆ ಎಲೆಗಳ ಮರೆಯಿಲ್ಲದ ಕೊಂಬೆಯೂ ಕೆಂಡದ ಬಣ್ಣವೂ ಸಾಕು. ಪರಿಮಳವಿಲ್ಲದಿರುವುದು ಆ ಹೂವಿನ ಕೊರತೆಯಲ್ಲ. ಅದು ಕರೆಯುವ ಅತಿಥಿ ಬೇರೆ, ಕರೆಯುವ ಭಾಷೆ ಬೇರೆ.

ಹಾಗಾದರೆ ಸುಭಾಷಿತಕಾರನು ತಪ್ಪಿದನೇ? ಹಾಗೆನ್ನಲಾಗದು. ಉಪಮೆಯ ಸ್ವರೂಪವೇ ಹಾಗೆ. ಉಪಮಾನ ಉಪಮೇಯಗಳ ನಡುವೆ ಒಂದು ಸಾಧಾರಣಧರ್ಮವನ್ನು ಆರಿಸಿಕೊಂಡು, ಉಳಿದುದನ್ನು ಬದಿಗಿಡುವುದು ಅಲಂಕಾರದ ನಿಯಮ. ಚಂದ್ರನಂಥ ಮುಖವೆಂದರೆ ಮುಖದಲ್ಲಿ ಕಲೆಯಿದೆಯೆಂದು ಅರ್ಥವಲ್ಲ. ಸುಭಾಷಿತವೂ ಗಂಧವೊಂದನ್ನೇ ಎತ್ತಿಕೊಂಡಿತು. ಕವಿಯ ಪ್ರಯೋಜನ ಅಷ್ಟರಲ್ಲೇ ಮುಗಿಯಿತು. ದೋಷವಿರುವುದು ಆ ಒಂದಂಶವನ್ನೇ ಇಡೀ ಹೂವೆಂದು ತಿಳಿದ ಓದುಗನಲ್ಲಿ. ಆ ತಪ್ಪು ತಿಳಿವಳಿಕೆ ಹೂವಿಗೇನೂ ಹಾನಿ ಮಾಡದು. ಅದೇ ಉಪಮೆಯನ್ನು ಹೊತ್ತು ತಲೆತಗ್ಗಿಸಿ ನಿಂತ ಬಾಲಕನ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ.

ಒಂದು ಹೂವಿನಲ್ಲಿ ಪಳಗಿದ ಕಣ್ಣು ಅಲ್ಲಿಗೇ ನಿಲ್ಲುವುದಿಲ್ಲ. ಊರೂರಿನ ದಾರಿಬದಿಯಲ್ಲಿ ಹೊಂಗೆ ತನ್ನ ನಸುಗೆಂಪು ಬೆರೆತ ಬಿಳಿಯ ಹೂಗಳನ್ನು ನೆಲದ ಮೇಲೆ ಹಾಸುತ್ತದೆ. ಜನ ಅದನ್ನು ಕಸವೆಂದು ಗುಡಿಸುತ್ತಾರೆ. ಆ ಒಂದು ಕಿರುಹೂವನ್ನು ಅಂಗೈಯಲ್ಲಿರಿಸಿ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೆ ಮುತ್ತುಗದ ಮಾದರಿಯೇ ಎದ್ದು ಬರುತ್ತದೆ: ಹಿಂದೊಂದು ದಳ, ಎರಡು ರೆಕ್ಕೆ, ಒಂದು ದೋಣಿ. ಎರಡೂ ಒಂದೇ ಕುಲದವು, ಅವರೆ ತೊಗರಿಗಳ ಬಂಧುಗಳು. ಕಾಡಿನ ಜ್ವಾಲೆಗೂ ಹಿತ್ತಿಲಿನ ಅವರೆಯ ಹೂವಿಗೂ ಇರುವ ಈ ನಂಟನ್ನು ಪುಸ್ತಕದಲ್ಲಿ ಓದುವುದು ಒಂದು, ತಾನೇ ತೆಗೆದ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಕಂಡುಕೊಳ್ಳುವುದು ಇನ್ನೊಂದು. ಯುಗಾದಿಯ ಬೆಳಗ್ಗೆ ಬೆಲ್ಲದೊಡನೆ ಬಾಯಿಗೆ ಹೋಗುವ ಬೇವಿನ ಹೂವಿನದೂ ಇದೇ ಕಥೆ. ನಾಲಗೆಗೆ ಕಹಿಯೆಂದು ಕಣ್ಣುಮುಚ್ಚಿ ನುಂಗುವ ಆ ಹೂವು ಸುಮಾರು ಒಂದು ಸೆಂಟಿಮೀಟರು ಅಗಲದ ಬಿಳಿಯ ನಕ್ಷತ್ರ. ಐದು ದಳಗಳ ನಡುವೆ ಕೇಸರಗಳು ಕೂಡಿ ಒಂದು ಪುಟ್ಟ ಕೊಳವೆಯಾಗಿವೆ. ಅದರ ವಾಸನೆಯೋ ಜೇನಿನದು. ಮಾವಿನ ಹೂಗೊಂಚಲನ್ನು ಕವಿಗಳು ಮನ್ಮಥನ ಬಾಣವೆಂದರು. ಮಸೂರದೊಳಗಿಂದ ನೋಡಿದರೆ ಆ ಒಂದು ಬಾಣದಲ್ಲಿ ನೂರಾರು ಕಿರುಹೂಗಳು. ಬಹುಪಾಲು ಹೂಗಳಲ್ಲಿ ಪರಾಗ ನೀಡಬಲ್ಲ ಕೇಸರ ಒಂದೇ ಒಂದು. ಅಷ್ಟು ಹೂಗಳಲ್ಲಿ ಹಣ್ಣಾಗುವುವು ಕೆಲವೇ.

ಛಾಯಾಗ್ರಹಣಕ್ಕೂ ಗಿಡಮರಗಳಿಗೂ ಇರುವ ಸಂಬಂಧ ಹೊಸದೇನಲ್ಲ. ಈ ವಿದ್ಯೆ ೧೮೩೯ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಅದರ ಆದ್ಯರಲ್ಲೊಬ್ಬನಾದ ಇಂಗ್ಲೆಂಡಿನ ಟಾಲ್ಬಟ್ ಎಲೆ ಹೂಗಳನ್ನೇ ರಾಸಾಯನಿಕ ಲೇಪಿಸಿದ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು ಅಚ್ಚು ಪಡೆದನು. ೧೮೪೩ರಲ್ಲಿ ಆನಾ ಅಟ್ಕಿನ್ಸ್ ಎಂಬ ಮಹಿಳೆ ನೀರಪಾಚಿಗಳ ನೀಲಿಯ ಅಚ್ಚುಗಳನ್ನು ಕೂಡಿಸಿ ಪ್ರಕಟಿಸತೊಡಗಿದ ಗ್ರಂಥವನ್ನು ಛಾಯಾಚಿತ್ರಗಳುಳ್ಳ ಮೊದಲ ಪುಸ್ತಕವೆಂದು ಪರಿಗಣಿಸುತ್ತಾರೆ. ಬರ್ಲಿನ್ನಿನ ಕಲಾಶಾಲೆಯ ಉಪಾಧ್ಯಾಯ ಕಾರ್ಲ್ ಬ್ಲಾಸ್‌ಫೆಲ್ಟ್, ವಿದ್ಯಾರ್ಥಿಗಳು ಅಲಂಕರಣದ ರೂಪಗಳನ್ನು ಸಸ್ಯಗಳಿಂದಲೇ ಕಲಿಯಲೆಂದು ತನ್ನ ಕೈಯಿಂದಲೇ ಸಿದ್ಧಪಡಿಸಿಕೊಂಡ ಕ್ಯಾಮೆರಾದಿಂದ ಮೊಗ್ಗು ಕುಡಿಗಳ ಹಿಗ್ಗಿಸಿದ ಚಿತ್ರಗಳನ್ನು ದಶಕಗಳ ಕಾಲ ತೆಗೆದನು. ಅವು ೧೯೨೮ರಲ್ಲಿ ಗ್ರಂಥರೂಪದಲ್ಲಿ ಬಂದಾಗ ಅವನ ವಯಸ್ಸು ಅರವತ್ತು ದಾಟಿತ್ತು. ತರಗತಿಗಾಗಿ ಹುಟ್ಟಿದ ಚಿತ್ರಗಳು ಕಲೆಯ ಚರಿತ್ರೆಯಲ್ಲಿ ನಿಂತವು.

ಕರ್ನಾಟಕದಲ್ಲಿಯೂ ಹವ್ಯಾಸಿಗಳ ಪರಂಪರೆ ಬಲವಾದದ್ದು. ೧೯೫೩ರಲ್ಲಿ ಸ್ಥಾಪಿತವಾದ ಭಾರತೀಯ ಛಾಯಾಗ್ರಹಣ ಒಕ್ಕೂಟದ ಹಿಂದೆ ಬೆಂಗಳೂರಿನ ಡಾ. ಜಿ. ಥಾಮಸ್ ಅವರ ಶ್ರಮವಿತ್ತು. ೧೯೭೧ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಅರ್ಥಸಚಿವರಾಗಿದ್ದವರು, ವನ್ಯಜೀವಿಗಳ ಕಪ್ಪುಬಿಳುಪಿನ ಚಿತ್ರಗಳಿಂದ ದೇಶವಿದೇಶಗಳಲ್ಲಿ ಹೆಸರಾದರು. ಮೂಡಿಗೆರೆಯ ತೋಟದಲ್ಲಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿಯವರು ಸಾಹಿತ್ಯದೊಡನೆ ಹಕ್ಕಿಗಳ ಚಿತ್ರಗಳಿಗೂ ತಮ್ಮ ಸಮಯವನ್ನು ಮೀಸಲಿಟ್ಟರು. ಇವರಾರಿಗೂ ಕ್ಯಾಮೆರಾ ಹೊಟ್ಟೆಪಾಡಾಗಿರಲಿಲ್ಲ. ಲಾಭದ ಅವಸರವಿಲ್ಲದವನಿಗೇ ಕಾಯುವ ಶಕ್ತಿ ಬರುತ್ತದೆ.

ಹೂವಿನ ಚಿತ್ರಕ್ಕೆ ಬೇಕಾದ ಕ್ರಮಗಳು ಕಠಿನವಲ್ಲ. ಬಿಸಿಲೇರುವ ಮುನ್ನ ಬೆಳಕು ಮೃದು, ಗಾಳಿಯೂ ಕಡಿಮೆ. ಆದ್ದರಿಂದ ಮುಂಜಾವೇ ಪ್ರಶಸ್ತ. ಹೂವಿಗೆ ಹತ್ತಿರವಾದಷ್ಟೂ ಸ್ಪಷ್ಟವಾಗಿ ಮೂಡುವ ಭಾಗದ ಆಳ ಕಿರಿದಾಗುತ್ತದೆ. ಅತಿ ಸಮೀಪದಲ್ಲಿ ಅದು ಕೆಲವೇ ಮಿಲಿಮೀಟರುಗಳಿಗೆ ಇಳಿಯುತ್ತದೆ. ಆಗ ಮಸೂರದ ರಂಧ್ರವನ್ನು ಎಫ್ ೮ ಅಥವಾ ಎಫ್ ೧೧ರಷ್ಟು ಕಿರಿದು ಮಾಡಿಕೊಳ್ಳಬೇಕು, ಕೈ ನಡುಗದಂತೆ ಮುಕ್ಕಾಲಿಯ ಆಸರೆ ಪಡೆಯಬೇಕು. ಮುತ್ತುಗದಂಥ ಉರಿಬಣ್ಣದ ಹೂವಿಗೆ ಬೆಳಕನ್ನು ತುಸು ಕಡಿಮೆ ಕೊಟ್ಟರೆ ದಳದ ಗೆರೆಗಳು ಅಳಿಸಿಹೋಗುವುದಿಲ್ಲ. ನೆರಳಿನ ಭಾಗಕ್ಕೆ ಬಿಳಿಯ ಕಾಗದವನ್ನೋ ಒಗೆದ ಧೋತರವನ್ನೋ ಎದುರು ಹಿಡಿದರೆ ಸಾಕು, ಬೆಳಕು ಮರಳಿ ಬೀಳುತ್ತದೆ. ದುಬಾರಿ ಉಪಕರಣವಿಲ್ಲದವರು ಮೊಬೈಲ್ ಫೋನಿನ ಮಸೂರದ ಮುಂದೆ ಸಾಮಾನ್ಯ ಭೂತಗನ್ನಡಿಯನ್ನು ಹಿಡಿದೂ ಹೂವಿನ ರೋಮಗಳನ್ನು ಕಾಣಬಹುದು.

ಇಲ್ಲಿ ಒಂದು ಎಚ್ಚರವೂ ಅವಶ್ಯ. ಹಿಂದೆ ಒಂದು ಸುರುಳಿ ಫಿಲ್ಮಿನಲ್ಲಿ ೩೬ ಚಿತ್ರಗಳು, ಅಗಲದ ಫಿಲ್ಮಿನಲ್ಲಿ ೧೨ ಮಾತ್ರ. ಗುಂಡಿ ಒತ್ತುವ ಮುನ್ನ ಹವ್ಯಾಸಿ ಹತ್ತು ಸಲ ನೋಡುತ್ತಿದ್ದನು. ಈಗ ಎಣಿಕೆಯ ಮಿತಿಯಿಲ್ಲ. ನೂರು ತೆಗೆದು ಒಂದನ್ನೂ ನೋಡದಿರುವ ಪ್ರಸಂಗವುಂಟು. ನೋಟವನ್ನು ಕಲಿಸಬೇಕಾದ ಯಂತ್ರವೇ ನೋಟವನ್ನು ಕಸಿಯಬಾರದಷ್ಟೆ. ‘ಒಂದು ಬೆಳಗಿಗೆ ಹನ್ನೆರಡೇ ಚಿತ್ರ’ವೆಂದು ತನಗೆ ತಾನೇ ಕಟ್ಟುಪಾಡು ವಿಧಿಸಿಕೊಂಡವನಿಗೆ ಹಳೆಯ ತಾಳ್ಮೆ ಮರಳಿ ಬರುತ್ತದೆ. ಚಿತ್ರಕ್ಕಾಗಿ ಹೂವನ್ನು ಕೀಳುವುದೂ, ಅಡ್ಡವಾದ ಕೊಂಬೆಯನ್ನು ಮುರಿಯುವುದೂ ಸಲ್ಲದು. ೨೦೧೪ರಲ್ಲಿ ಅಂತಾರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ಒಪ್ಪಿದ ವ್ಯಾಖ್ಯೆಯಂತೆ, ಮನುಷ್ಯನು ರೂಪಿಸಿದ ತಳಿಗಳ ಹೂಗಳೂ ಜೋಡಿಸಿಟ್ಟ ದೃಶ್ಯಗಳೂ ‘ನಿಸರ್ಗ’ ವಿಭಾಗದಲ್ಲಿ ಸ್ವೀಕಾರಾರ್ಹವಲ್ಲ. ಇದ್ದುದನ್ನು ಇದ್ದಂತೆಯೇ ಕಾಣಬೇಕೆಂಬುದು ಅದರ ತಾತ್ಪರ್ಯ.

ಶಾಲೆಗಳಲ್ಲಿ ಇದನ್ನು ಅನುಷ್ಠಾನಕ್ಕೆ ತರುವುದು ಸುಲಭ. ಪ್ರತಿಯೊಂದು ತರಗತಿಗೆ ಒಂದು ಮರವನ್ನು ಒಪ್ಪಿಸಿ, ಮೊಗ್ಗಿನಿಂದ ಕಾಯಿಯವರೆಗೆ ವಾರಕ್ಕೊಂದು ಚಿತ್ರ ತೆಗೆಸಿ, ಕೆಳಗೆ ಮರದ ಕನ್ನಡದ ಹೆಸರನ್ನೂ ದಿನಾಂಕವನ್ನೂ ಬರೆಸಬಹುದು. ಹತ್ತು ವರ್ಷಗಳ ಇಂಥ ಸಂಪುಟಗಳು ಆ ಊರಿನ ವಸಂತ ಎಂದು ಬಂತೆಂಬುದಕ್ಕೆ ದಾಖಲೆಯಾಗುತ್ತವೆ. ಸೀಸನ್‌ವಾಚ್ ಎಂಬ ದೇಶವ್ಯಾಪಿ ಯೋಜನೆಯಲ್ಲಿ ಶಾಲಾಮಕ್ಕಳು ಮರಗಳ ಚಿಗುರು, ಹೂ, ಹಣ್ಣುಗಳ ಕಾಲವನ್ನು ಗುರುತಿಸುತ್ತಿರುವುದು ಇದಕ್ಕೆ ಮೇಲ್ಪಂಕ್ತಿ. ಹಳೆಯ ವಿದ್ಯಾರ್ಥಿಗಳು ಬದಿಗಿಟ್ಟ ಕ್ಯಾಮೆರಾವೊಂದನ್ನು ಕೊಟ್ಟರೂ, ದಾನಿಗಳು ಭಿತ್ತಿಪ್ರದರ್ಶನಕ್ಕೆ ಗೋಡೆಯೊಂದನ್ನು ಒದಗಿಸಿದರೂ ಅದು ಸಾರ್ಥಕವಾದ ದಾಸೋಹವೇ ಸರಿ.

ಕಾಣದ ತತ್ತ್ವವನ್ನು ಹೇಳಬೇಕಾದಾಗ ಮೊಗ್ಗಿನೊಳಗೆ ಅಡಗಿದ ಪರಿಮಳವನ್ನು ಶರಣರು ನೆನೆದರು. ಇನ್ನೂ ಪ್ರಕಟವಾಗದ್ದನ್ನು ಇಲ್ಲವೆನ್ನಬಾರದೆಂಬ ವಿವೇಕ ಆ ಮಾತಿನಲ್ಲಿದೆ. ಮುತ್ತುಗದ ಹೂವು ಅದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತದೆ: ಪ್ರಕಟವಾದದ್ದು ಪರಿಮಳವೇ ಆಗಬೇಕೆಂಬ ನಿಯಮವಿಲ್ಲ. ತರಗತಿಯ ಕೊನೆಯ ಸಾಲಿನಲ್ಲಿ ಕುಳಿತು, ಪದ್ಯ ಒಪ್ಪಿಸಲಾರದೆ ಬಯ್ಯಿಸಿಕೊಂಡ ಬಾಲಕನ ಕೈಗೆ ಕ್ಯಾಮೆರಾ ಬಂದಾಗ, ಉಳಿದವರಾರೂ ಕಾಣದ ಬೆಳ್ಳಿಯಂಚನ್ನು ಅವನು ಕಂಡು ತರಬಹುದು. ಅಂದು ಉಪಾಧ್ಯಾಯರು ಆ ಚಿತ್ರವನ್ನು ಗೋಡೆಗೆ ಹಚ್ಚಿ, ಅದರ ಕೆಳಗೆ ಹೂವಿನ ಹೆಸರಿನೊಡನೆ ಹುಡುಗನ ಹೆಸರನ್ನೂ ಬರೆಯಲಿ. ಸುಭಾಷಿತವನ್ನು ಮರುದಿನವೂ ಪಾಠ ಹೇಳಬಹುದು. ಆದರೆ ಆ ಗೋಡೆಯ ಮುಂದೆ ನಿಂತು ಹೇಳಬೇಕು.